ತೂಕದ ದಿನ ತೆರೆದ ಬೀಗರ ತಂತಿ

ಜಾಲಿಕಣವಿ, ಗಜೇಂದ್ರಗಡದ ಗುಡ್ಡಸಾಲು
ಇಸವಿ ೨೨೩೧, ಚೈತ್ರ ಮಾಸದ ಮೂವತ್ತಮೂರನೆಯ ದಿನ

ಎಂದೋ ತೀರಿಕೊಂಡಿರುವ, ಆದರೆ ಈ ಕಾಗದ ಓದುವ ಹೊತ್ತಿಗೆ ಜೀವಂತವಾಗಿರುವ ಹಿರಿಯರಿಗೆ ಕಳಕವ್ವನ ನಮಸ್ಕಾರ.

ಮೂವತ್ತಮೂರನೆಯ ದಿನ ಎಂದು ಓದಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತೂಕದ ಲೆಕ್ಕ ಮುಗಿಯುವವರೆಗೆ ಚೈತ್ರ ಮುಗಿಯುವುದಿಲ್ಲ. ಲೆಕ್ಕ ತಡವಾದರೆ ತಿಂಗಳನ್ನೇ ಎಳೆದು ಉದ್ದ ಮಾಡುತ್ತಾರೆ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬರುತ್ತವೆ, ಕ್ಷಮಿಸಿ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ತಿಳಿದಷ್ಟು ಬಿಡಿಸಿ ಹೇಳುತ್ತೇನೆ, ತಿಳಿಯದಿದ್ದರೆ ಮುಂದಿನ ಸಾಲಿಗೆ ಹೋಗಿ. ಇನ್ನೊಂದು ಮಾತು. ಹುಟ್ಟಿದ ಲೆಕ್ಕದಲ್ಲಿ ನೀವು ನನಗೆ ಮುತ್ತಜ್ಜ ಮುತ್ತಜ್ಜಿಯರ ಮೇಲಿನವರು. ಆದರೆ ನಿಮ್ಮಲ್ಲಿ ಬಹಳ ಮಂದಿ ನನ್ನ ಮೊಮ್ಮಕ್ಕಳ ವಯಸ್ಸಿನವರಿರುತ್ತೀರಿ. ಹೀಗಾಗಿ ಗೌರವದಿಂದಲೇ ಬಯ್ಯುತ್ತೇನೆ.

ನಾಳೆ ನನ್ನ ವಿಚಾರಣೆ. ವಿಚಾರಣೆಗೆ ನಿಲ್ಲುವವರು ಹಿಂದಕ್ಕಾಗಲಿ ಮುಂದಕ್ಕಾಗಲಿ, ಯಾವ ಕಾಲಕ್ಕೆ ಬೇಕಾದರೂ ಒಂದು ಕಾಗದ ಬರೆಯಬಹುದು ಎಂಬ ಕಾಯಿದೆ ನಮ್ಮಲ್ಲಿದೆ. ಅದು ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ಅಂಚೆಯವರ ಕೆಲಸ ಅಂಚೆಯವರಿಗೆ. ಹೆಚ್ಚಿನವರು ಮುಂದೆ ಹುಟ್ಟುವ ಮರಿಮಕ್ಕಳಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನನ್ನು ಕಟಕಟೆಗೆ ಹತ್ತಿಸಿದ ಚಟ ನಿಮ್ಮ ಕಾಲದಲ್ಲಿ ಶುರುವಾದದ್ದು.

ನಮ್ಮೂರ ಶಾಲೆಯ ಗೋಡೆಯ ಮೇಲೆ ನಿಮ್ಮ ಕಾಲದ ಒಂದು ಚಿತ್ರವಿದೆ. ಬಣ್ಣಬಣ್ಣದ ಕೋಲುಗಳು, ಒಂದು ಉದ್ದ, ಒಂದು ಗಿಡ್ಡ. ಒಂದೊಂದು ಕೋಲಿನ ಕೆಳಗೆ ಒಂದೊಂದು ದೇಶದ ಹೆಸರು. ಯಾವ ದೇಶ ನೀರಿನಿಂದ ಎಷ್ಟು, ಗಾಳಿಯಿಂದ ಎಷ್ಟು, ಬಿಸಿಲಿನಿಂದ ಎಷ್ಟು ಕರೆಂಟು ಮಾಡಿತು ಎಂಬ ಹೋಲಿಕೆ. ಕೈಯಲ್ಲಿ ಹಿಡಿದ ಫೋನುಗಳಲ್ಲಿ ಇಂಥ ಚಿತ್ರ ನೋಡಿ ಒಬ್ಬರಿಗೊಬ್ಬರು ಕಳಿಸುತ್ತಿದ್ದಿರಂತೆ. ಹೋಲಿಸಿದ್ದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಪಕ್ಕದವನ ಕೋಲು ಉದ್ದವಿದೆ, ನನ್ನದು ಗಿಡ್ಡ ಎಂಬ ನಾಚಿಕೆಯಿಂದಲೇ ಎಷ್ಟೋ ದೇಶಗಳ ಕಲ್ಲಿದ್ದಲ ಒಲೆಗಳು ಆರಿದವು. ಆ ಉಪಕಾರ ಮರೆತರೆ ನನ್ನ ಬಾಯಲ್ಲಿ ಹುಳ ಬೀಳಲಿ. ಆದರೆ ಒಲೆ ಆರಿದ ಮೇಲೂ ಕೋಲು ಹಿಡಿದವರು ಕೆಳಗಿಡಲಿಲ್ಲ. ನಿಮ್ಮ ಮಕ್ಕಳು ಅದನ್ನು ಓಟದ ಪಂದ್ಯ ಮಾಡಿದರು, ಅವರ ಮಕ್ಕಳು ಅದಕ್ಕೆ ಬಹುಮಾನ ಇಟ್ಟರು, ನಮ್ಮ ಕಾಲಕ್ಕೆ ಅದು ಹಬ್ಬವಾಗಿ ಕೂತಿದೆ.

ಆ ಹಬ್ಬದ ಹೆಸರು ತೂಕದ ದಿನ. ಹಗಲೂ ಇರುಳೂ ಸಮ ಇರುವ ದಿನ ಲೋಕದ ಎಲ್ಲ ದೇಶಗಳ ಕರೆಂಟನ್ನು ಅವರವರ ನಡುಹಗಲಿಗೆ ತೂಗುತ್ತಾರೆ. ಅವತ್ತು ಎಲ್ಲರಿಗೂ ಸೂರ್ಯನ ಪಾಲು ಸಮ, ಆದ್ದರಿಂದ ನ್ಯಾಯ ಎನ್ನುತ್ತಾರೆ ತೂಕದ ಮನೆಯವರು, ಅಂದರೆ ಈ ಲೆಕ್ಕ ಇಡುವ ಕಚೇರಿಯವರು. ನಾನು ಕೇಳುತ್ತೇನೆ, ನಾರ್ವೆಯ ಗುಡ್ಡಗಳಿಂದ ನೀರು ಧುಮ್ಮಿಕ್ಕುವುದು ಅಲ್ಲಿಯವರ ಬೆವರಿನಿಂದಲೇನು? ಐಸ್‌ಲ್ಯಾಂಡಿನ ನೆಲದೊಳಗೆ ಹಬೆ ಕುದಿಯುವುದಕ್ಕೆ ಅಲ್ಲಿಯವರು ಸೌದೆ ಒಟ್ಟಿದರೇನು? ನಮ್ಮ ಕಡೆ ಗಾಳಿ ಬರುವುದು ಆಷಾಢಕ್ಕೆ. ಚೈತ್ರದಲ್ಲಿ ಎಲೆ ಅಲುಗುವುದಿಲ್ಲ, ಗಾಳಿಮರಗಳು ನಿಂತು ತೂಕಡಿಸುತ್ತಿರುತ್ತವೆ. ಅದೇ ದಿನ ನೋಡಿ ನಮ್ಮನ್ನು ಅಳೆಯುವುದು. ಮೇಲೆ ತಲೆಗಳಿಂದ ಭಾಗಿಸುವುದು ಬೇರೆ. ತಲೆ ಹೆಚ್ಚಿರುವ ದೇಶ ಅಲ್ಲಿಯೇ ಅರ್ಧ ಸೋತಿತು. ಸೊಸೆಯರನ್ನು ತವರಿನಿಂದ ತಂದ ಬಂಗಾರದ ಮೇಲೆ ಅಳೆಯುವ ಅತ್ತೆಯರಿರುತ್ತಾರಲ್ಲ, ಈ ಲೆಕ್ಕ ಅವರದೇ ಜಾತಿಯದು.

ನಮ್ಮ ಬದುಕು ಹೇಗಿದೆ ಎಂದು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಗಾಳಿಮರ ಎಂದರೆ ನೀವು ಗುಡ್ಡದ ಮೇಲೆ ನೆಟ್ಟಿರುವ ಅದೇ ಬಿಳಿ ಕಂಬ, ಮೂರು ರೆಕ್ಕೆ. ನಮ್ಮವು ಇನ್ನೂ ಎತ್ತರ, ಸದ್ದು ಕಡಿಮೆ. ಆ ಸದ್ದಿಲ್ಲದ ಊರಿಗೆ ಕರೆದುಕೊಂಡು ಹೋದರೆ ನಮ್ಮ ಕೂಸುಗಳು ನಿದ್ದೆ ಮಾಡುವುದಿಲ್ಲ. ಎರೆಹೊಲಗಳ ಮೇಲೆ ಆಳೆತ್ತರಕ್ಕೆ ಬಿಸಿಲುಹಾಳೆ ಹಾಸಿದ್ದೇವೆ, ನೀವು ಸೋಲಾರ್ ಎನ್ನುವುದು. ಅದರ ಕೆಳಗಿನ ಅರೆನೆರಳಲ್ಲಿ ಕಡಲೆ ಬೆಳೆಯುತ್ತದೆ, ಕುರಿ ಮಲಗುತ್ತವೆ. ಹಾಳೆಯ ಧೂಳು ಒರೆಸುವುದು ಮನೆಮನೆಯ ಕೆಲಸ. ನೀರು ಹಾಕುವಂತಿಲ್ಲ, ಹಳೆಯ ಸೀರೆಯ ಮೆತ್ತನೆಯ ತುಂಡೇ ಆಗಬೇಕು. ನನ್ನ ಮದುವೆಯ ಸೀರೆ ಆ ಕೆಲಸದಲ್ಲೇ ಸವೆದುಹೋಯಿತು. ಗಾಳಿ ಬಂದ ದಿನ ಗಿರಣಿ ಓಡುತ್ತದೆ, ಕೊಡಲಿ ಕುಡುಗೋಲು ಹದವಾಗುತ್ತವೆ, ಹಂಚುಗಳೆಲ್ಲ ಕಾಯುತ್ತವೆ, ಊರಿಡೀ ಜೋಳದ ರೊಟ್ಟಿ ಬಡಿಯುವ ಸದ್ದು. ಮಿಕ್ಕ ಗಾಳಿ ನೀರನ್ನು ಗುಡ್ಡದ ಮೇಲಿನ ಕೆರೆಗೆ ಏರಿಸುತ್ತದೆ. ಗಾಳಿ ಇಲ್ಲದ ದಿನ ತೂಬು ತೆಗೆದರೆ ಅದೇ ನೀರು ಚಕ್ರ ತಿರುಗಿಸಿ ಇಳಿಯುತ್ತ ಕರೆಂಟು ಕೊಡುತ್ತದೆ. ತೂಬಿನ ಮನೆಯ ಕೀಲಿ ಊರಿನದೇ. ವಾರಕ್ಕೊಂದು ಮನೆಯಂತೆ ಪಾಳಿ. ಅಜ್ಜಂದಿರು ಹೋರಾಡಿ ಪಡೆದ ಕೀಲಿ ಅದು. ಮೊದಲು ದೂರದ ಯಾರೋ ಒತ್ತಿದಾಗ ತೂಬು ತೆರೆಯುತ್ತಿತ್ತು, ಅವರು ಮರೆತ ದಿನ ಊರು ಕತ್ತಲೆಯಲ್ಲಿ ಕೂರುತ್ತಿತ್ತು. ಕೀಲಿ ನಮ್ಮ ಕೈಗೆ ಬಂದ ಮೇಲೆ ಹಾಗಾಗಿಲ್ಲ.

ಇನ್ನು ಬೀಗರ ತಂತಿ. ಭೂಮಿ ದುಂಡಗಿರುವುದರಿಂದ ನಮಗೆ ರಾತ್ರಿಯಾದಾಗ ಆಚೆ ಬದಿಯಲ್ಲಿ ಬಿಸಿಲು. ಆದ್ದರಿಂದ ಆಚೆಯ ಒಂದೊಂದು ಊರಿಗೂ ಈಚೆಯ ಒಂದೊಂದು ಊರಿಗೂ ಸಮುದ್ರದ ಕೆಳಗೆ ತಂತಿ ಎಳೆದು ನಂಟು ಮಾಡಿದ್ದಾರೆ. ರಾತ್ರಿ ಅವರು ಕೊಡಬೇಕು, ಹಗಲು ನಾವು ಕೊಡಬೇಕು. ನಮ್ಮ ಬೀಗರು ಚಿಲಿ ದೇಶದ ಮರಳುಗಾಡಿನವರು, ಊರ ಹೆಸರು ಅಗುವಾಸೋಲಾ. ನಂಟಾದ ಹೊಸತರಲ್ಲಿ ನಮ್ಮವರು ಖಡಕ್ ರೊಟ್ಟಿಯ ದೊಡ್ಡ ಗಂಟು ಕಳಿಸಿದರಂತೆ. ಅವರು ಅವನ್ನು ತಟ್ಟೆ ಎಂದುಕೊಂಡು, ಮೇಲೆ ಮೀನು ಬಡಿಸಿ ಉಂಡು, ಒರೆಸಿ ಗೋಡೆಗೆ ತೂಗುಹಾಕಿದರು. ಒಂದು ತಟ್ಟೆಯನ್ನು ನಾಯಿ ತಿಂದ ಮೇಲೆಯೇ ಅವರಿಗೆ ಗೊತ್ತಾದದ್ದು. ಅಲ್ಲಿ ತಂತಿ ನೋಡಿಕೊಳ್ಳುವವಳು ರೊಸಾಲ್ಬಾ, ನನ್ನ ಓರಗೆಯವಳು. ಅವಳ ಮಾತನ್ನು ನಮ್ಮ ಮಾತಿಗೆ ತಿರುಗಿಸುವ ಯಂತ್ರ ಕನ್ನಡ ಕಲಿತದ್ದು ನನ್ನ ಬಾಯಿಂದ. ಹೀಗಾಗಿ ಆ ಬೀಗತಿ ನಮ್ಮೂರ ಹೆಂಗಸಿನ ಹಾಗೆಯೇ ಬಯ್ಯುತ್ತಾಳೆ. “ನಿನ್ನೆ ಕಳಿಸಿದ ಕರೆಂಟ್ ಭಾಳ ಸಣಕಲ ಇತ್ತಬೇ, ನಿಮ್ಮ ಗಾಳಿಗೆ ಹೊಟ್ಟಿಗೆ ಹಾಕಿರೋ ಇಲ್ಲೋ” ಎಂದು ಅವಳು. “ನಿಮ್ಮ ಬಿಸಲಾಗ ಬರೇ ಉಪ್ಪು, ನಮ್ಮ ದೀಪಕ್ಕ ಬಾಯಾರಿಕೆ ಆಗತೈತಿ” ಎಂದು ನಾನು. ಹೀಗೆ ಜಗಳವಾಡುತ್ತಲೇ ನಮ್ಮಿಬ್ಬರ ತಲೆ ಹಣ್ಣಾಯಿತು. ಒಬ್ಬರ ಮುಖ ಒಬ್ಬರು ನೇರ ನೋಡಿಲ್ಲ.

ತೂಕದ ದಿನ ಮಾತ್ರ ಬೀಗರ ತಂತಿಯನ್ನು ಮುಚ್ಚಬೇಕು. ಒಬ್ಬರದು ಇನ್ನೊಬ್ಬರ ತಕ್ಕಡಿಗೆ ಬೀಳಬಾರದು ಎಂಬ ನಿಯಮ. ಹೊರಗೆ ಕೊಟ್ಟದ್ದು ಕೊಟ್ಟವರ ಲೆಕ್ಕದಲ್ಲಿ ಸೇರುವುದಿಲ್ಲ, ಊರೊಳಗೆ ಉರಿಸಿದ್ದೂ ಸೇರುವುದಿಲ್ಲ. ದೇಶದ ದೊಡ್ಡ ತಂತಿಗೆ ಹೋದದ್ದಷ್ಟೇ ತೂಕ. ಅದಕ್ಕಾಗಿ ಶಿವರಾತ್ರಿಯಿಂದಲೇ ಕೆರೆ ತುಂಬಿಸಿ ಕಾಯುತ್ತೇವೆ. ಆ ದಿನ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ, ಹಿಂದಿನ ದಿನದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ತೂಕದ ತಂಗಳು ಎನ್ನುತ್ತೇವೆ. ಕರೆಂಟು ಎಷ್ಟು ಹೆಚ್ಚು ಎಂದು ತೋರಿಸಲು ದೇಶವೆಲ್ಲ ಕರೆಂಟಿಲ್ಲದೆ ಕೂರುತ್ತದೆ. ನಗಬೇಡಿ, ನೀವೇ ನೆಟ್ಟ ಗಿಡ.

ಬಹುಮಾನ ಸಣ್ಣದಲ್ಲ, ಅದನ್ನೂ ಹೇಳಬೇಕು. ಗಾಳಿಮರದ ರೆಕ್ಕೆ ಮಾಡುವ ಸಾಮಾನು ಈಗ ಲೋಕದಲ್ಲಿ ಕಡಿಮೆ. ಸಾಲಿನ ಮೊದಲ ಹತ್ತು ದೇಶಗಳಿಗೆ ಹೊಸ ರೆಕ್ಕೆ ಮೊದಲು ಸಿಗುತ್ತದೆ, ಉಳಿದವರು ಮುಂದಿನ ವರ್ಷ ನೋಡಬೇಕು. ನಮ್ಮ ದೇಶ ತಿಣುಕಿ ತಿಣುಕಿ ಹತ್ತನೆಯದಾಗಿತ್ತು. ಹನ್ನೊಂದನೆಯವರು ಹಿಂದೆಯೇ ಉಸಿರು ಬಿಡುತ್ತಿದ್ದರು. ನಮ್ಮ ನೆರೆಯ ತೋಳನಮಟ್ಟಿಯ ಗಾಳಿಮರದ ಒಂದು ರೆಕ್ಕೆ ಮುರಿದು, ಆ ಊರು ಈ ಸಲದ ರೆಕ್ಕೆಗಾಗಿ ಬಾಯಿ ಬಿಟ್ಟು ಕಾಯುತ್ತಿತ್ತು.

ಈ ಸಲದ ತೂಕದ ದಿನ ತೂಬಿನ ಪಾಳಿ ನಮ್ಮ ಮನೆಯದು. ತೂಬಿನ ಮನೆಯಲ್ಲಿ ಎರಡು ಹಿಡಿಕೆ. ಬಲಗಡೆಯದು ತಿರುವಿದರೆ ಕರೆಂಟು ದೇಶದ ತಂತಿಗೆ, ಎಡಗಡೆಯದು ತಿರುವಿದರೆ ಬೀಗರ ತಂತಿಗೆ. ಎಡಗಡೆಯ ಹಿಡಿಕೆಗೆ ಅವತ್ತು ಕೆಂಪು ದಾರ ಸುತ್ತಿ ಅರಗಿನ ಮುದ್ರೆ ಒತ್ತಿರುತ್ತಾರೆ. ನಡುಹಗಲಿಗೆ ತೂಕ. ನಾನು ಬಲಗಡೆಯ ಹಿಡಿಕೆಗೆ ಕುಂಕುಮ ಹಚ್ಚಿ ಕೂತಿದ್ದೆ. ಮಾತಿನ ಯಂತ್ರ ಅರಚಿತು. ನಮಗೆ ನಡುಹಗಲಾದರೆ ಅಲ್ಲಿ ಬೆಳಗಿನ ಜಾವ.

“ಕಳಕವ್ವಾ, ನೆಲ ನಡುಗೇತಿ. ಬ್ಯಾಟರಿ ಮನಿ ಕುಸದೈತಿ. ಮನಿಗೋಳು ಬಿದ್ದಾವ, ಮಂದಿ ಕಲ್ಲಿನ ಕೆಳಗ ಅದಾರ. ಕಲ್ಲ ಎತ್ತೋ ಯಂತ್ರ ಅದಾವ, ಅವಕ್ಕ ಕರೆಂಟಿಲ್ಲ. ಬರೇ ಕತ್ತಲಿ.” ರೊಸಾಲ್ಬಾಳ ದನಿಯಲ್ಲಿ ಬಯ್ಗುಳ ಇರಲಿಲ್ಲ. ಅದನ್ನು ಕೇಳಿಯೇ ನಾನು ಕೂತಲ್ಲಿಂದ ಎದ್ದೆ.

“ಹತ್ತರದಾವ್ರನ್ನ ಕೇಳಿದ್ಯೋ ಇಲ್ಲೋ?”

“ಕೇಳೇನಿ. ಇವತ್ತ ತೂಕದ ದಿನ, ನಾಳೆ ಕೊಡತೀವಿ ಅನ್ನಾಕತ್ತಾರ. ನೀನೂ ನಾಳೆ ಅಂತೀಯೇನ?”

ನಾನು ಎಡಗಡೆಯ ಹಿಡಿಕೆಗೆ ಹೋದೆ. ಅರಗು ಗಟ್ಟಿಯಾಗಿತ್ತು, ಕಲ್ಲಿನಿಂದ ಜಜ್ಜಿದೆ. ದಾರ ಹಲ್ಲಿನಿಂದ ಕಡಿದೆ. ಹಿಡಿಕೆ ಒಬ್ಬರ ಕೈಗೆ ತಿರುಗುವಂಥದಲ್ಲ. ಅಷ್ಟರಲ್ಲಿ ಬುತ್ತಿ ತಂದ ನನ್ನ ಸೊಸೆ ಬಸಲಿಂಗವ್ವ ಬಾಗಿಲಲ್ಲಿ ನಿಂತು ಚೀರಿದಳು. “ಅತ್ತೀ! ಯಾವ ಕಡಿದ ತಿರುವಾಕತ್ತಿ? ಅದು ಎಡಗಡಿದು!”

“ನನಗ ಗೊತ್ತೈತಿ. ಬೀಗರ ಮನಿ ಬಿದ್ದೈತಿ. ಬುತ್ತಿ ಇಟ್ಟ ಕೈ ಹಚ್ಚು, ಇಲ್ಲಾ ಹೊರಗ ನಿಂತ ಊರಿಗೆಲ್ಲಾ ಡಂಗುರ ಹೊಡಿ.”

ಅವಳು ಬುತ್ತಿ ಇಟ್ಟಳು. ಡಂಗುರವನ್ನೂ ಹೊಡೆದಳು, ಕೈಯನ್ನೂ ಹಚ್ಚಿದಳು. ಬಾಯಿ ಬಡಿದುಕೊಳ್ಳುತ್ತಲೇ ಸಮಸಮ ತಿರುವಿದಳು. ಶಿವರಾತ್ರಿಯಿಂದ ಕೂಡಿಸಿದ ಕೆರೆ ಗುಡ್ಡದೊಳಗೆ ಗುಡುಗುತ್ತ ಇಳಿಯಿತು. ಯಂತ್ರದಲ್ಲಿ ಆಚೆ ಕಡೆಯ ಕೂಗಾಟ ಕೇಳಿಸಿತು, ಆಮೇಲೆ ಕಲ್ಲು ಸರಿಯುವ ಸದ್ದು. ಅವರಿಗೆ ಬೆಳಕು ಹರಿಯುವವರೆಗೆ ನಾವಿಬ್ಬರೂ ಅಲ್ಲಿಂದ ಏಳಲಿಲ್ಲ. ಸಿಕ್ಕಿಕೊಂಡವರನ್ನೆಲ್ಲ ಹೊರಗೆ ತೆಗೆದರು. ಇಬ್ಬರು ಉಳಿಯಲಿಲ್ಲ. ಉಳಿದವರಲ್ಲಿ ರೊಸಾಲ್ಬಾಳ ತಂಗಿ ಒಬ್ಬಳು.

ನಮ್ಮ ದೇಶ ಕೂದಲೆಳೆಯಷ್ಟರಲ್ಲಿ ಹನ್ನೊಂದನೆಯದಾಯಿತು.

ತೂಕದ ಮನೆಯಿಂದ ಬಂದ ಅಧಿಕಾರಿ ಶರಭಯ್ಯ, ತೋಳನಮಟ್ಟಿಯ ಹುಡುಗ. ರೆಕ್ಕೆ ಮುರಿದ ಆ ಊರಿನವನೇ. ನನ್ನ ಕಟ್ಟೆಯ ಮೇಲೆ ಕೂತು ಅವನು ಮೊದಲು ಅಧಿಕಾರಿಯ ಮಾತಾಡಲಿಲ್ಲ. “ನಮ್ಮವ್ವ ನಿಮಗ ಶಾಪ ಹಾಕಾಕತ್ತಾಳ್ರೀ ಅಮ್ಮಾರ. ರೆಕ್ಕಿ ಬರತೈತಿ ಅಂತ ಕಂಬಕ್ಕ ಬಣ್ಣ ಹಚ್ಚಿ ಇಟ್ಟಿದ್ರು” ಎಂದ. ಅವನ ಮಾತು ಸುಳ್ಳಲ್ಲ. ಆ ತಾಯಿಯ ಶಾಪ ನಾನು ಸೆರಗೊಡ್ಡಿ ಇಸಿದುಕೊಳ್ಳುತ್ತೇನೆ, ಅದು ನನಗೆ ಸಲ್ಲಬೇಕಾದದ್ದೇ. ದೂರದವರ ದೀಪ ಹೊತ್ತಿಸಲು ಹತ್ತಿರದವರ ಗಾಳಿ ಕಳೆದೆ, ಇದನ್ನು ನಾನು ಸಕ್ಕರೆ ಹಚ್ಚಿ ಹೇಳುವುದಿಲ್ಲ. ಮರುದಿನವೇ ನಮ್ಮೂರವರು ಕೂಡಿ, ಹೊಸ ರೆಕ್ಕೆ ಬರುವವರೆಗೆ ನಮ್ಮ ಗಾಳಿಯ ಅರ್ಧ ತೋಳನಮಟ್ಟಿಗೆ ಎಂದು ತಂತಿ ಎಳೆಯಲು ಶುರುಮಾಡಿದ್ದಾರೆ. ಅದರ ಮೇಲೂ ಆ ತಾಯಿ ಬೈದರೆ ಬೈಯಲಿ, ನಾನು ಅವಳ ಜಾಗದಲ್ಲಿದ್ದರೆ ಇನ್ನೂ ಜೋರಾಗಿ ಬೈಯುತ್ತಿದ್ದೆ.

ಆಮೇಲೆ ಶರಭಯ್ಯ ದನಿ ಇಳಿಸಿದ. ತೂಕದ ಮನೆಯವರು ಊರಿನ ಕೀಲಿ ಕಿತ್ತುಕೊಳ್ಳಲು ನಿಂತಿದ್ದಾರೆ, ಮತ್ತೆ ದೂರದವರು ಒತ್ತುವ ತೂಬು ಆಗುತ್ತದೆ. ಆದರೆ ಒಂದು ದಾರಿ ಇದೆ. “ಕೈ ತಪ್ಪಿತು ಅಂತ ಒಂದ ಮಾತ ಹೇಳ್ರಿ. ವಯಸ್ಸಾಗೇತಿ, ಎಡ ಯಾವ್ದು ಬಲ ಯಾವ್ದು ತಿಳೀಲಿಲ್ಲ ಅನ್ರಿ. ಕೀಲಿ ಊರಾಗ ಉಳಿತೈತಿ.”

“ತಮ್ಮಾ, ನಾ ಉಣ್ಣಾಕ ಕುಂತಾಗ ಒಮ್ಮೆರ ಎಡಗೈ ಹಾಕಿದ್ದ ನೋಡೀಯೇನ?”

“ಅಮ್ಮಾರ, ಚ್ಯಾಷ್ಟಿ ಬ್ಯಾಡ್ರಿ.”

“ಮತ್ತ ಮುದ್ರಿ ಯಾರು ಒಡದ್ರು ಅಂದ್ರ?”

“ಇಲಿ ಕಡದಿತ್ತು ಅನ್ರಿ.”

“ಇಲಿ ಯಾವ ದೇಶದ್ದು ಅಂತ ಕೇಳಿದ್ರ ಏನ ಹೇಳ್ಲಿ? ಅದೂ ಚಿಲಿ ಬೀಗರ ಕಡಿದು ಅನ್ನಲ್ಯಾ?”

ಹುಡುಗ ನಗಬಾರದೆಂದು ತುಟಿ ಕಚ್ಚಿದ. ಅವನು ಕೆಟ್ಟವನಲ್ಲ, ನಮ್ಮ ಒಳ್ಳೆಯದಕ್ಕೇ ಹೇಳಿದ. ಹೋಗುವಾಗ ಹೆಬ್ಬೆಟ್ಟಿನ ಮಸಿಡಬ್ಬಿ ಕಟ್ಟೆಯ ಮೇಲೆ ಇಟ್ಟು ಹೋದ. ನನಗೆ ಸಹಿ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೀಲಿ ನನ್ನೊಬ್ಬಳದಲ್ಲ. ನನ್ನ ಹಟಕ್ಕೆ ಊರು ಕತ್ತಲೆಗೆ ಬೀಳುವುದು ಯಾವ ನ್ಯಾಯ? ಆದ್ದರಿಂದ ನಿನ್ನೆ ಸಂಜೆ ಊರವರನ್ನು ಬನ್ನಿಗಿಡದ ಕೆಳಗೆ ಕೂಡಿಸಿ ಕೇಳಿದೆ. ತಪ್ಪಾಯಿತು ಅನ್ನಲೋ, ಬೇಡವೋ, ನೀವು ಹೇಳಿದ ಹಾಗೆ. ಕೆಲವರು ಅನ್ನು ಎಂದರು. ಮಾತಿಗೇನು, ಗಾಳಿಗೆ ಹೋಗುತ್ತದೆ, ಕೀಲಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. ನನಗೂ ಒಂದು ಗಳಿಗೆ ಅನಿಸಿತು, ಅಂದುಬಿಡೋಣ, ಈ ವಯಸ್ಸಿನಲ್ಲಿ ನನ್ನ ಮಾನ ಯಾವ ತಕ್ಕಡಿಗೆ. ಆದರೆ ತಪ್ಪಾಯಿತು ಎಂದು ನಾನು ಹೇಳಿದರೆ, ಮುಂದಿನ ಸಲ ಬೀಗರ ಮನೆ ಬಿದ್ದಾಗ ಪಾಳಿಯಲ್ಲಿರುವವಳು ಎಡಗಡೆಯ ಹಿಡಿಕೆ ಮುಟ್ಟಲು ಹೆದರುತ್ತಾಳೆ. ಕೀಲಿ ನಮ್ಮ ಕೈಯಲ್ಲಿ ಇರುತ್ತದೆ, ಕೈ ಮಾತ್ರ ಬೇರೆಯವರದಾಗಿರುತ್ತದೆ. ಇದನ್ನು ಊರವರಿಗೂ ಹೇಳಿ ನಾನು ಕೂತೆ.

ಆಗ ಬಸಲಿಂಗವ್ವ ಎದ್ದಳು. ಅವಳು ನನ್ನ ಮನೆಗೆ ಬಂದ ದಿನದಿಂದ ನಾವಿಬ್ಬರೂ ಉಪ್ಪಿನ ಡಬ್ಬಿಗೂ ಜಗಳವಾಡಿದವರು. “ಅತ್ತಿ ತಪ್ಪಾತು ಅಂದ್ರೂ ಉಪಯೋಗ ಇಲ್ಲ” ಎಂದಳು. “ನಾ ಈ ಮನಿಗೆ ಬಂದಾಗಿಂದ ಒಮ್ಮೇನೂ ಈಕಿ ತಪ್ಪಾತು ಅಂದಾಕಿ ಅಲ್ಲ. ಈಗ ಅಂದ್ರ ತೂಕದ ಮನಿಯಾವ್ರಲ್ಲ, ನಾನ ನಂಬೂದಿಲ್ಲ. ಹಿಡಿಕಿಗೆ ನಾನೂ ಕೈ ಹಚ್ಚೇನಿ. ನಂದೂ ಕೈ ತಪ್ಪಿಲ್ಲ.”

ಬನ್ನಿಗಿಡದ ಕೆಳಗೆ ಎಷ್ಟು ನಗು ಎದ್ದಿತೆಂದರೆ, ಅನ್ನು ಎಂದವರೂ ನಕ್ಕರು. ಆಮೇಲೆ ಯಾರೂ ಅನ್ನು ಎನ್ನಲಿಲ್ಲ. ಮಸಿಡಬ್ಬಿಯನ್ನು ಮಕ್ಕಳು ಒಯ್ದು ಕುರಿಗಳಿಗೆ ಗುರುತು ಹಾಕಿದ್ದಾರೆ.

ಹೀಗಾಗಿ ನಾಳೆ ನಾನು ಹೇಳುವುದು ಇಷ್ಟು. ಎಡ ಯಾವುದು ಬಲ ಯಾವುದು ನನಗೆ ಚೆನ್ನಾಗಿ ಗೊತ್ತು. ತಿಳಿದೇ ತಿರುವಿದೆ. ಮತ್ತೆ ಹಾಗೆ ಆದರೆ ಮತ್ತೆ ತಿರುವುತ್ತೇನೆ. ಕೀಲಿ ಬೇಕಾದರೆ ನನ್ನ ಊರಿಗೆ ಬಂದು, ನಮ್ಮೆಲ್ಲರ ಮುಖ ನೋಡಿ ಕಿತ್ತುಕೊಳ್ಳಿ, ದೂರದಿಂದ ಒತ್ತಬೇಡಿ. ಏನಾಗುತ್ತದೋ ನನಗೆ ಗೊತ್ತಿಲ್ಲ. ನಾಳೆಯದು ನಿಮಗೆ ಹೇಗೆ ದೂರವೋ ನನಗೂ ಇವತ್ತು ಅಷ್ಟೇ ದೂರ.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಕೋಲಿನ ಚಿತ್ರ ಹರಿದು ಹಾಕಿ ಎನ್ನುವುದಿಲ್ಲ. ಬರೆಯಿರಿ, ಹೋಲಿಸಿ, ನಾಚಿಸಿ. ಇನ್ನೂ ಕಲ್ಲಿದ್ದಲು ಉರಿಸುವವರ ಮುಖಕ್ಕೆ ಹಿಡಿಯಿರಿ. ಆದರೆ ಪ್ರತಿಯೊಂದು ದೇಶದ ಕೋಲಿನ ಪಕ್ಕದಲ್ಲಿ ಇನ್ನೊಂದು ಕೋಲು ನಿಲ್ಲಿಸಿ. ಈ ದೇಶ ಎಷ್ಟು ಮಾಡಿತು ಎಂಬುದು ಒಂದು. ಪಕ್ಕದವರ ಮನೆ ಕತ್ತಲಾದಾಗ ಎಷ್ಟು ಕೊಟ್ಟಿತು ಎಂಬುದು ಇನ್ನೊಂದು. ಅದನ್ನು ಈಗಲೇ ನಿಲ್ಲಿಸಿದರೆ ನಿಮ್ಮ ಮಕ್ಕಳು ತಂತಿ ಎಳೆಯುವಾಗ ಮುಚ್ಚುವ ದಿನವೊಂದನ್ನು ಇಡುವುದಿಲ್ಲ, ನಾನು ಹಲ್ಲಿನಿಂದ ದಾರ ಕಡಿಯುವುದು ಬರುವುದಿಲ್ಲ. ನನಗೆ ಉಳಿದಿರುವ ಹಲ್ಲೇ ಕಡಿಮೆ. ಇಷ್ಟು ಮಾಡಲಾಗದಿದ್ದರೆ ನಿಮ್ಮ ಹೆಸರು ಹಿಡಿದು ಬಯ್ಯಲು ಇಲ್ಲಿ ಒಬ್ಬಳಿದ್ದಾಳೆ ಎಂಬುದು ನೆನಪಿರಲಿ.

ಹೊರಗೆ ಬಸಲಿಂಗವ್ವ ಕೂಗುತ್ತಿದ್ದಾಳೆ, ಬೆಳಗ್ಗೆ ಬೇಗ ಏಳಬೇಕು. ದಾರಿಗೆ ಖಡಕ್ ರೊಟ್ಟಿ ಕಟ್ಟಿದ್ದಾಳೆ. ರೊಸಾಲ್ಬಾ ಯಂತ್ರದಲ್ಲಿ ಸಾಕ್ಷಿ ಹೇಳುತ್ತಾಳಂತೆ. ನನ್ನ ಬಾಯಿಂದ ಕಲಿತ ಕನ್ನಡದಲ್ಲಿ ತೂಕದ ಮನೆಯವರಿಗೆ ಏನೇನು ಕೇಳಿಸಲಿದೆಯೋ, ನೆನೆಸಿಕೊಂಡರೆ ಈಗಲೇ ಹೊಟ್ಟೆ ತಣ್ಣಗಾಗುತ್ತದೆ. ನಾನು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ಅಪರಾಧಿಯ ಹಾಗೆ ಹೋಗುವುದಿಲ್ಲ. ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಬೀಗರ ಮನೆಗೆ ಹೊರಟವಳ ಹಾಗೆ ಹೋಗುತ್ತೇನೆ.

ಇತಿ,
ತನ್ನ ಕೈಯಿಂದಲೇ ಸಹಿ ಮಾಡಿದ
ಕಳಕವ್ವ